ಕೆನ್ನೆಯ ಕೆಂಪು

೧೧ ಡಿಸೆಂಬರ್ ೨೦೨೪, ಬುಧವಾರ. ಮದಲೂರು

ಎರಡು ವಾರದಿಂದ ಮುಂದೂಡುತ್ತಿದ್ದ ಹಿಮೋಗ್ಲೋಬಿನ್ ಪಾಠವನ್ನು ಇವತ್ತು ಮಾಡಲೇಬೇಕಾಯಿತು. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ದುಡಿಯುವ ಅಂಗದ ಹತ್ತಿರ ಹೋಗಿ ಬಿಟ್ಟುಕೊಡುತ್ತದೆ ಎಂದು ಹೇಳಿ ಬೋರ್ಡಿನ ಕಡೆ ತಿರುಗಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಹಿಡ್ಕಂಡಿದ್ದನ್ನ ಬುಡ್ದೇ ಹೋದ್ರೆ?"

ಉತ್ತರ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದೆ.

ಹೋದ ವರ್ಷ ಇದೇ ಚಳಿಯಲ್ಲಿ ತಂಗಿ ರಂಜಿತಾ ಬಾಣಂತಿ. ಮಂಚದ ಕೆಳಗೆ ಕೆಂಡ ತುಂಬಿದ ಬಾಂಡ್ಲಿ ಇಟ್ಟಿದ್ದು ಅಮ್ಮ. ಗಾಳಿ ತಾಕಬಾರದೆಂದು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಸೀರೆ ತುರುಕಿದ್ದು ವಿಜ್ಞಾನದ ಟೀಚರ್ ಆದ ನಾನು. ಕೂಸು ಆ ರಾತ್ರಿ ನಡುಮನೆಯಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗಿದ್ದರಿಂದ ಉಳಿಯಿತು.

ಕೆಂಡದ ವಿಷಗಾಳಿ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತರೆ ಸುಲಭಕ್ಕೆ ಏಳುವುದಿಲ್ಲ. ಅಷ್ಟಿಷ್ಟು ಉಳಿದ ಆಮ್ಲಜನಕವನ್ನೂ ರಕ್ತ ಸರಿಯಾಗಿ ಬಿಟ್ಟುಕೊಡುವುದಿಲ್ಲ. ಮೈ ಮಾತ್ರ ಕೆಂಪಗೇ ಇರುತ್ತದೆ. ಬೆಳಿಗ್ಗೆ ಇಣುಕಿದಾಗ ರಂಜಿತಾಳ ಕೆನ್ನೆಯ ಬಣ್ಣ ಕಂಡು, ಮಲಗಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಟೆ. ಬಸ್ಸು ಶಿರಾ ಮುಟ್ಟುವ ಮೊದಲೇ ಫೋನ್ ಬಂತು. ಊರವರು ಬಾಣಂತಿ ಸನ್ನಿ ಎಂದರು. ನಾನು ತಿದ್ದಲಿಲ್ಲ.

ಇವತ್ತು ಸಂಜೆ ಕೂಸಿಗೆ ಅನ್ನ ತಿನ್ನಿಸುತ್ತಾ ಅಮ್ಮ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. "ನನ್ ಮಗ್ಳು ನರಳ್ಲಿಲ್ಲ ಕಣಮ್ಮ. ಮೈತುಂಬ ರಕ್ತ ಇತ್ತು. ಕೆನ್ನೆ ಹೆಂಗ್ ಕೆಂಪಗಿತ್ತು ಅಂತೀಯ."

ನಾನು ಹೌದೆನ್ನಲಿ ಎಂದು ನನ್ನ ಮುಖ ನೋಡಿದಳು. ಹೌದಮ್ಮ ಎಂದೆ.

ನಾಳೆ ಆ ಹುಡುಗಿ ಮತ್ತೆ ಕೇಳುತ್ತಾಳೆ.