ಕುಲುಮೆಯ ಬಾಗಿಲು

ನವೆಂಬರ್ ೧೪, ಗುರುವಾರ

ಆ ಬಿರುಕು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಕಾಲೇಜಿನಲ್ಲಿ ನಮ್ಮ ಇಡೀ ವಿಭಾಗಕ್ಕೆ ಇರುವುದೊಂದೇ ಕುಲುಮೆ, ಸರದಿ ಸಿಗುವುದೇ ಕಷ್ಟ. ಹಾಗಾಗಿ ನನ್ನ ಉಕ್ಕಿನ ತುಂಡು, ರೂಮ್‌ಮೇಟ್‌ಳ ಗಾಜು ಎರಡನ್ನೂ ಒಟ್ಟಿಗೆ ಇಟ್ಟಿದ್ದೆವು. ಗಾಜು ಮುಚ್ಚಿದ ಕುಲುಮೆಯಲ್ಲೇ ಮೆಲ್ಲಗೆ ತಣಿಯಬೇಕು, ನಡುವೆ ಬಾಗಿಲು ತೆಗೆಯಬಾರದು. ಇದು ಮೊದಲ ವರ್ಷದವರಿಗೂ ಗೊತ್ತು. ನಿನ್ನೆ ಸಂಜೆ ನನಗೆ ಬಸ್ಸಿಗೆ ಹೊತ್ತಾಗಿತ್ತು. ಒಂದು ಗಳಿಗೆ ತೆಗೆದರೆ ಏನಾದೀತು ಎಂದು ಬಾಗಿಲು ತೆಗೆದು ಇಕ್ಕಳದಲ್ಲಿ ನನ್ನ ತುಂಡನ್ನು ಎತ್ತಿ ಹೊರಗಿಟ್ಟೆ.

ಬೆಳಿಗ್ಗೆ ನೋಡಿದರೆ ಅವಳ ಗಾಜು ಅಡ್ಡಕ್ಕೆ ಸೀಳಿತ್ತು.

"ಬೆರಕೆಯ ಅಳತೇಲಿ ಎಡವಿದ್ದೀಯಮ್ಮ," ಅಂದರು ಮೇಷ್ಟ್ರು. ಅವಳು ತಲೆಯಾಡಿಸಿದಳು. ನಾನು ನನ್ನ ತುಂಡನ್ನು ಉಜ್ಜುತ್ತಾ ಕೂತೆ. ಅದೀಗ ಕನ್ನಡಿಯಂತೆ ಹೊಳೆಯುತ್ತಿದೆ, ಮೇಷ್ಟ್ರೂ ಮೆಚ್ಚಿದರು. ಹಾಳಾಗಿ ಹೋಗಲಿ ಅದು.

ಊಟದ ಹೊತ್ತಿಗೆ ಹೇಳಿಬಿಡೋಣ ಎಂದುಕೊಂಡೆ. ಅವಳೇ ಮೊದಲು ಬಾಯಿಬಿಟ್ಟಳು. "ನಾಳೆ ಇನ್ನೊಂದು ಇಡ್ತೀನಿ ಕಣೇ. ಯಾರೂ ಬಾಗಿಲು ತೆಗೀದ ಹಾಗೆ ನೀನೇ ಕಾವಲಿರು. ಬೇರೆಯವರನ್ನ ನಂಬಕ್ಕಾಗಲ್ಲ."

ಹೂಂ ಅಂದೆ. ಕಳ್ಳನ ಕೈಗೇ ಬೀಗದ ಕೈ.

ಈಗ ಪಕ್ಕದ ಮಂಚದಿಂದ ನಿದ್ದೆಗಣ್ಣಲ್ಲೇ ಹೇಳುತ್ತಿದ್ದಾಳೆ: "ಇನ್ನೂ ಬರೀತಿದೀಯಾ? ಮಲ್ಕೊಳೇ, ನಾಳೆ ನೀನು ಎಚ್ಚರವಾಗಿರ್ಬೇಕಲ್ಲ."

ದೀಪ ಆರಿಸಬೇಕು. ನಾಳೆ ಅವಳು ಗಾಜು ಇಡುವ ಮುಂಚೆಯೇ ಹೇಳಿಬಿಡಬೇಕು, ಬಾಗಿಲು ತೆಗೆದವಳು ನಾನೇ ಅಂತ.