ಘಟಸರ್ಪಕ್ಕೆ ಹತ್ತು ಪಾಸು

ನ್ಯಾಮತಿ, ಹೊನ್ನಾಳಿ ತಾಲ್ಲೂಕು
12-5-1986, ಸೋಮವಾರ

ಚಿ. ಸೌ. ಸಿದ್ದಲಿಂಗಮ್ಮಳಿಗೆ,

ನ್ಯಾಮತಿಯಿಂದ ನಿನ್ನ ಗಂಡ ಷಣ್ಮುಖಪ್ಪ ಬರೆಯುವುದು. ಆಶೀರ್ವಾದಗಳು ಎಂದು ಬರೆಯಹೋದೆ, ಪೆನ್ನು ನಿಂತಿತು. ಸದ್ಯಕ್ಕೆ ಯಾರಿಗೂ ಆಶೀರ್ವಾದ ಮಾಡುವ ಜಾಗದಲ್ಲಿ ನಾನಿಲ್ಲ. ಇಲ್ಲಿ ಅವ್ವ, ನಾನು, ಎರಡು ಆಂಪ್ಲಿಫೈಯರು, ನಾಲ್ಕು ಹಾರ್ನು ಎಲ್ಲರೂ ಕ್ಷೇಮ. ಜಗಳೂರಿನಲ್ಲಿ ನೀನೂ ಮಗಳು ಶಿವಗಂಗೆಯೂ ಕ್ಷೇಮವೆಂದು ನಂಬಿದ್ದೇನೆ. ಅಕ್ಷರ ಸೊಟ್ಟಗಿದೆ. ಕುಡಿದು ಬರೆದಿದ್ದಾನೆ ಎಂದು ನಿಮ್ಮ ದೊಡ್ಡಪ್ಪ ಅಂದಾರು. ಕುಡಿದಿಲ್ಲ, ಕಾರಣ ಬೇರೆ ಇದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಕಾಗದ ಮುಗಿಯುವುದರೊಳಗೆ ತೀರ್ಮಾನಿಸುತ್ತೇನೆ.

ಈ ಸಲ ಕಾರ್ಡು ಬೇಡವೆಂದು ಲಕೋಟೆಗೆ ಗೋಂದು ಹಚ್ಚಿ ಕಳಿಸುತ್ತಿದ್ದೇನೆ. ನಾಲ್ಕು ಕಾಸು ಉಳಿಸಲು ಹೋಗಿ ಕಾರ್ಡು ಬರೆದದ್ದು ಸಾಕಾಯಿತು. ನಿಮ್ಮ ಪೋಸ್ಟ್‌ಮನ್ ಅದನ್ನು ಬೀದಿಯ ತುದಿಯಿಂದ ಓದಿಕೊಂಡು ಬಂದನಂತೆ. ನಿಮ್ಮ ಮನೆ ಮುಟ್ಟುವ ಹೊತ್ತಿಗೆ ನೀರಿನ ಕೊಡ ಇಳಿಸಿದವರೆಲ್ಲ ನಿನ್ನ ಮುಖ ನೋಡುತ್ತಿದ್ದರಂತೆ. ಇದನ್ನೆಲ್ಲ ಹೇಳಿದವನು ನಿನ್ನ ತಮ್ಮ ನಾಗರಾಜಪ್ಪ.

ಅವನೂ ದೊಡ್ಡಪ್ಪ ತಿಪ್ಪೇರುದ್ರಸ್ವಾಮಿಯವರೂ ಹೋದ ಗುರುವಾರ ನನ್ನ ಮೈಕ್ ಸೆಟ್ಟಿನ ಅಂಗಡಿಗೆ ಬಂದರು. ದೊಡ್ಡಪ್ಪ ಟವೆಲಿನಿಂದ ಬೆಂಚು ಒರೆಸಿ ಕೂತರು, ನಾನು ಆಗಲೇ ಒರೆಸಿದ್ದ ಬೆಂಚು ಅದು. ಚಾ ತರಿಸಿದೆ, ಕುಡಿಯಲಿಲ್ಲ. ಮನೆಗೆ ಬನ್ನಿ ಎಂದೆ, ಎದ್ದೇಳಲಿಲ್ಲ. ಯಾರಾದರೂ ಹೋಗಿಬಿಟ್ಟರೇನೋ ಎಂದುಕೊಂಡೆ. ಆಮೇಲೆ ನಾಗರಾಜಪ್ಪ ಜೇಬಿನಿಂದ ಆ ಕಾರ್ಡು ತೆಗೆದು ನನ್ನ ಕೈಗೇ ಕೊಟ್ಟು, ಜೋರಾಗಿ ಓದಿ ಎಂದ.

ಓದಿದೆ. ನನ್ನದೇ ಅಕ್ಷರ. “ದಾವಣಗೆರೆಗೆ ಘಟಸರ್ಪ ಬಂದಿದೆ. ಒಂದು ಸಲ ಅದರ ಮುಂದೆ ನಿಂತು, ಬಾಯೊಳಗೆ ಹೋಗಿ ಬಂದರೆ ಮನೆಯಲ್ಲಿರುವುದೆಲ್ಲ ತಿಳಿಯಾಗುತ್ತದೆ. ಹೆದರಬೇಡ. ಅವ್ವನೂ ಬರುತ್ತಾಳೆ. ನಿಮ್ಮ ಕಡೆಯವರನ್ನೂ ಕರೆದುಕೊಂಡು ಬಾ, ಹತ್ತು ಜನ ಆಗಬೇಕು.”

ಬರೆಯುವಾಗ ಎಷ್ಟು ಚೆನ್ನಾಗಿತ್ತು ಗೊತ್ತೇ? ಅವರಿಬ್ಬರ ಮುಂದೆ ಓದುವಾಗ ಬೇರೆ ಯಾರೋ ಬರೆದಂತೆ ಕೇಳಿಸಿತು.

ಮೊದಲಿನಿಂದ ಹೇಳುತ್ತೇನೆ, ಕೇಳು. ಬೇಸಿಗೆ ರಜೆಗೆ ದಾವಣಗೆರೆಯಲ್ಲಿ ಎಕ್ಸಿಬಿಷನ್ ಬಿದ್ದಿದೆ. ಅದರ ಒಂದು ಮೂಲೆಗೆ ಬೇಲಿ ಹಾಕಿ ಡ್ರಾಗನ್ ಲ್ಯಾಂಡ್ ಅಂತ ಮಾಡಿದ್ದಾರೆ. ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಕೂಗಿ ಜನ ಸೇರಿಸುವ ಕೆಲಸ ನನಗೆ ಸಿಕ್ಕಿತು. ಮ್ಯಾನೇಜರು ಬೊಂಬಾಯಿಯವನು. ಡ್ರಾಗನ್ ಅಂದರೆ ಏನ್ರೀ ಎಂದು ಕೇಳಿದೆ. ಹಾವಿನ ಮೈ, ಮೊಸಳೆಯ ಕಾಲು, ಬಾವಲಿಯ ರೆಕ್ಕೆ, ಮೂಗಿನಲ್ಲಿ ಹೊಗೆ ಎಂದ. ಸವಳಂಗದ ಸಂತೆಯಲ್ಲಿ ನಿಂತು ಡ್ರಾಗನ್ ಡ್ರಾಗನ್ ಎಂದು ಕೂಗಿದರೆ ಹೊಸ ಗೊಬ್ಬರ ಬಂದಿದೆ ಎಂದು ಚೀಲ ಹಿಡಿದು ಬರುತ್ತಾರೆ. ಉಡ ಅನ್ನೋಣವೆಂದರೆ, ಉಡ ನೋಡಲು ಬಸ್‌ಚಾರ್ಜು ಯಾರು ಕೊಡುತ್ತಾರೆ? ಒಂದು ರಾತ್ರಿ ಯೋಚಿಸಿ ನಾನೇ ಹೆಸರು ಕಟ್ಟಿದೆ, ಘಟಸರ್ಪ ಲೋಕ ಎಂದು. ಬಾಯಿಂದ ಒಳಗೆ, ಬಾಲದಿಂದ ಹೊರಗೆ ಎಂದು ಅದಕ್ಕೊಂದು ಬಾಲವನ್ನೂ ಸೇರಿಸಿದೆ. ಸೂಳೆಕೆರೆ ಏರಿಯ ಮೇಲೆ ಜೀಪು ನಿಲ್ಲಿಸಿ ಕೂಗಿದರೆ ದನಿ ನೀರಿನ ಮೇಲೆ ಹೋಗಿ ಆಚೆ ದಡದವರು ತಿರುಗಿ ನೋಡಿದರು. ಮ್ಯಾನೇಜರು ಖುಷಿಯಾಗಿ, ಕೂಲಿಯ ಜೊತೆಗೆ ಹತ್ತು ಜನರ ಪಾಸು ಕೊಟ್ಟ. ಒಳಗೆ ಓಡುವ ಪುಟ್ಟ ರೈಲಿನ ಒಂದು ಡಬ್ಬಿಗೆ ಹತ್ತು ಜನ. ಹತ್ತು ಜನ ಆಗಬೇಕು ಎಂದು ನಾನು ಬರೆದದ್ದರ ಅರ್ಥ ಇಷ್ಟೇ.

ಆದರೆ ನನ್ನ ಬುದ್ಧಿಗೆ ಮಣ್ಣು ಬೀಳಲಿ. ಘಟಸರ್ಪ ಎಂಬ ಮಾತು ನಾನು ಎಲ್ಲಿಂದ ಎತ್ತಿಕೊಂಡೆ ಎಂಬುದನ್ನೇ ಮರೆತಿದ್ದೆ. ಅಜ್ಜಿ ಹೇಳುತ್ತಿದ್ದ ಕಥೆಯಿಂದ. ಮಡಕೆಯಲ್ಲಿ ಹಾವು ಬಿಟ್ಟು, ಹತ್ತು ಜನರ ಮುಂದೆ ಕಳವಿನ ಅಪವಾದ ಹೊತ್ತವರ ಕೈ ಹಾಕಿಸುವುದು. ನಿಜ ಹೇಳಿದರೆ ಹಾವು ಸುಮ್ಮನಿರುತ್ತದೆ, ಸುಳ್ಳಾದರೆ ಕಚ್ಚುತ್ತದೆ. ನಿಮ್ಮ ಮನೆಯವರು ಅದನ್ನು ಮರೆತಿರಲಿಲ್ಲ. ಶಿವರಾತ್ರಿಯ ಮರುದಿನ ನಮ್ಮ ಮನೆಯಲ್ಲಿ ನಡೆದದ್ದನ್ನೂ ಮರೆತಿರಲಿಲ್ಲ.

ಅದನ್ನು ಬರೆಯದೆ ದಾಟಿ ಹೋಗೋಣವೆಂದಿದ್ದೆ. ಆಗುವುದಿಲ್ಲ. ಅಪ್ಪ ಲಿಂಗೈಕ್ಯರಾದ ಮೇಲೆ ಅವರು ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆಯನ್ನು ಅವ್ವ ದೇವರ ಜಗಲಿಯ ಮೇಲಿಟ್ಟು ದಿನಾ ವಿಭೂತಿ ಹಚ್ಚುತ್ತಿದ್ದಳು. ಅವತ್ತು ಬೆಳಗ್ಗೆ ಅದು ಅಲ್ಲಿರಲಿಲ್ಲ. ಪಾರಣೆಗೆಂದು ಬಂದಿದ್ದ ಓಣಿಯ ಹೆಂಗಸರ ಮುಂದೆ ಅವ್ವ ಅಂದಳು: “ಹೊರಗಿನೋರು ಯಾರೂ ಒಳಗೆ ಬಂದಿಲ್ಲಮ್ಮ. ಮನೇನಾಗೆ ಇರೋರು ನಾನು, ನನ್ನ ಮಗ, ಮೊಮ್ಮಗಳು.” ಅಲ್ಲಿಗೆ ನಿಲ್ಲಿಸಿದಳು. ನಿನ್ನ ಹೆಸರು ಹೇಳಲಿಲ್ಲ, ಹೇಳದೆಯೇ ಎಲ್ಲರಿಗೂ ಕೇಳಿಸಿತು. ನೀನು ಕೈಯಲ್ಲಿ ಸೌಟು ಹಿಡಿದುಕೊಂಡು ನನ್ನ ಕಡೆ ನೋಡಿದೆ. ನಾನು ವೈರು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ಅವತ್ತು ಮಗಳ ಕೈ ಹಿಡಿದು ಬಸ್ಸು ಹತ್ತುವಾಗ ನೀನು ಅಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಮೂರು ತಾಲ್ಲೂಕಿಗೆ ಕೇಳಂಗೆ ಮಾತಾಡ್ತೀರಿ. ನನ್ನ ಪಾಲಿಗೆ ಒಂದು ಮಾತು ಬರ್ಲಿಲ್ಲ.”

ಇಂಥದ್ದೊಂದು ಬೆಂಕಿ ಇರುವ ಮನೆಗೆ ನಾನು ಘಟಸರ್ಪದ ಕಾರ್ಡು ಹಾಕಿದೆ. ಹತ್ತು ಜನ ಬೇಕು ಎಂದೂ ಬರೆದೆ. ಅವರು ಬೇರೆ ಏನು ತಿಳಿದಾರು?

ಅಂಗಡಿಯಲ್ಲಿ ನಾಗರಾಜಪ್ಪ ನಿನ್ನ ಮಾತನ್ನು ನನಗೆ ಒಪ್ಪಿಸಿದ. “ಅಕ್ಕ ಬರ್ತಾಳೆ ಭಾವ. ಕಾರ್ಡು ಬಂದಾಗಿಂದ ಒಪ್ಪತ್ತು ಇದಾಳೆ. ಮಡಿ ಉಟ್ಟು ಬಂದು ಹತ್ತು ಜನರ ಮುಂದೆ ಕೈ ಹಾಕ್ತಾಳೆ. ಆದ್ರೆ ಮೊದಲು ಕೈ ಹಾಕೋರು ನೀವು ಅಂತ ಹೇಳಿ ಕಳ್ಸಿದಾಳೆ.”

ನಾನು ನಕ್ಕುಬಿಟ್ಟೆ. ಅದು ಇನ್ನೊಂದು ತಪ್ಪು. ಅಯ್ಯೋ ಅದು ಸಿಮೆಂಟಿನದು, ತಗಡಿನದು, ಮಕ್ಕಳು ಹತ್ತಿ ಕೂರುವ ಆಟ ಎಂದು ಹ್ಯಾಂಡ್‌ಬಿಲ್ಲು ತೆಗೆದು ತೋರಿಸಿದೆ, ಡ್ರಾಗನ್ನಿನ ಚಿತ್ರ ತೋರಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಅಂದರು: “ನೀವು ಮೈಕ್ನಾಗೆ ಕೂಗೋರು, ಅಳಿಯಂದ್ರೇ. ಬೆಳಿಗ್ಗೆ ಸೀಮೆಎಣ್ಣೆ ಸ್ಟೌವು, ಮಧ್ಯಾಹ್ನ ಸಿನಿಮಾ, ಸಂಜಿಗೆ ಘಟಸರ್ಪ. ಸ್ವಿಚ್ ಆಫ್ ಮಾಡಿದ್ರೆ ನಿಮ್ಮ ಮಾತು ಮುಗೀತು. ನಾವು ಯಾವುದನ್ನ ನಂಬಾನ?”

ಬೇರೆಯವರ ಹಾರ್ನು ಹೊತ್ತು ತಿರುಗುತ್ತಿದ್ದು, ಆಮೇಲೆ ಸ್ವಂತ ಸೆಟ್ಟು ಮಾಡಿಕೊಂಡವನು ನಾನು. ಮದುವೆ ಮನೆಯಲ್ಲಿ ಬೀಗರ ಜಗಳವನ್ನು ಮೈಕಿನಲ್ಲೇ ನಗಿಸಿ ಬಿಡಿಸಿದ್ದೇನೆ. ಆ ಮುದುಕನ ಮುಂದೆ ಮಾತ್ರ ಹ್ಯಾಂಡ್‌ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡೆ.

ಈಗ ಪ್ರಯಾಣದ ಪಾಡು ಕೇಳು. ಮನೆಮಂದಿಯೆಲ್ಲ ಮಗಳನ್ನು ಕರೆದುಕೊಂಡು ಹೋಗಿ ಐಸ್‌ಕ್ಯಾಂಡಿ ತಿನ್ನಿಸಿ ಬರುವ ಮಾತು ಎಲ್ಲಿಗೆ ಬಂದು ನಿಂತಿದೆ ನೋಡು. ಜಗಳೂರಿನಿಂದ ಸಾಕ್ಷಿ ಹೇಳಲೆಂದು ಒಂದು ಟೆಂಪೋ ಜನ ಹೊರಟಿದ್ದಾರಂತೆ. ಅವರಲ್ಲಿ ಯಾರನ್ನು ಬಿಟ್ಟರೂ ಅವರಿಗೆ ಅವಮಾನ. ನನ್ನ ಹತ್ತಿರ ಇರುವುದು ಹತ್ತು ಪಾಸು. ಪ್ರಮಾಣಕ್ಕೆ ಸೋಮವಾರವೇ ಒಳ್ಳೆಯದು ಎಂದು ದೊಡ್ಡಪ್ಪನ ಹಟ, ಸೋಮವಾರ ಎಕ್ಸಿಬಿಷನ್ನಿಗೆ ರಜ. ಇತ್ತ ನಮ್ಮ ಓಣಿಯ ಅಂತರಘಟ್ಟಮ್ಮ, ಘಟಸರ್ಪ ಅಂದ ಮೇಲೆ ತನಿ ಎರೆಯದೆ ಬರುವುದುಂಟೇ ಎಂದು ಹಾಲಿನ ಚೆಂಬು ತೊಳೆದಿಟ್ಟಿದ್ದಾಳೆ. ಹಾಲು ಎರೆದರೆ ಮೋಟಾರು ಸುಟ್ಟುಹೋಗುತ್ತದೆ, ಒಬ್ಬರ ಕೈಯಲ್ಲೂ ಚೆಂಬು ಇರಕೂಡದು ಎಂದು ಮ್ಯಾನೇಜರು ನನ್ನಿಂದಲೇ ಮೈಕಿನಲ್ಲಿ ಕೂಗಿಸುತ್ತಿದ್ದಾನೆ. ಹೆಸರು ಬದಲಾಯಿಸೋಣವೆಂದರೆ, ಈ ಹೆಸರಿಗೇ ಜನ ಬರುತ್ತಿದ್ದಾರೆ, ಮುಟ್ಟಬೇಡ ಅನ್ನುತ್ತಾನೆ. ನಾನು ಹಡೆದ ಮಾತು ನನ್ನ ಮಾತನ್ನೇ ಕೇಳುತ್ತಿಲ್ಲ.

ಅವ್ವನ ಹತ್ತಿರ ಶುಕ್ರವಾರ ಕೂತು ಮಾತಾಡಿದೆ. ಅವತ್ತು ಅಂದದ್ದನ್ನು ವಾಪಸ್ಸು ತೆಗೆದುಕೋ ಎಂದೆ. “ನಾನೇನು ಅವಳ ಹೆಸರು ಹೇಳಿದ್ನೇನೋ? ಹೊರಗಿನೋರು ಬಂದಿಲ್ಲ ಅಂದೆ. ಅದು ಸುಳ್ಳಾ?” ಎಂದಳು. ಸುಳ್ಳಲ್ಲ ಅವ್ವ, ಸುಳ್ಳಾಗಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಟ್ಟಳು. ಕರಡಿಗೆಯ ಮಾತು ನಮ್ಮ ಮನೆಯಲ್ಲಿ ಮುಗಿಯಿತು, ಇನ್ನು ಅದನ್ನು ಯಾರೂ ಎತ್ತಬಾರದು ಎಂದೆ. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಕೇಳಿದಳು: “ಆ ರೈಲ್ನಾಗೆ ಶಿವಗಂಗಿ ಪಕ್ಕ ನಾನು ಕುಂತ್ರೆ ಅವರವ್ವ ಬ್ಯಾಡ ಅಂತಾಳಾ?” ಅವ್ವನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ನೀನೂ ಕೇಳಿಲ್ಲ.

ಮಗಳಿಗೆ ಹೇಳು: ಅದರ ಮೈ ಹಸಿರು, ಹೊಟ್ಟೆ ಹಳದಿ. ನಮ್ಮ ಬಸ್‌ಸ್ಟ್ಯಾಂಡಿನಷ್ಟು ಉದ್ದ. ದವಡೆ ತೆರೆದು ಮುಚ್ಚುತ್ತದೆ, ಕಣ್ಣಲ್ಲಿ ಕೆಂಪು ಬಲ್ಬು. ಒಳಗೆ ಕತ್ತಲು, ಪಕ್ಕೆಲುಬುಗಳ ನಡುವೆ ರೈಲು ಗಡಗಡ ಹೋಗುತ್ತದೆ. ಅದರ ಗರ್ಜನೆ ನನ್ನದೇ. ಅವರ ಟೇಪು ಕೆಟ್ಟಿತ್ತು, ನಾನು ಕೊಡದೊಳಗೆ ಬಾಯಿಟ್ಟು ಕೂಗಿ ರೆಕಾರ್ಡು ಮಾಡಿಕೊಟ್ಟೆ. ಹೆದರಿಕೆಯಾದರೆ, ಅದು ಅಪ್ಪ ಎಂದುಕೊಳ್ಳಲಿ.

ನೀನು ಕೇಳಬೇಕಾದದ್ದು ಇನ್ನೊಂದು ಇದೆ. ನನಗೆ ನಿನ್ನ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಮಾತು ಬಾಯಿಗೆ ಬರಲಿಲ್ಲ, ಅಷ್ಟೇ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆದ್ದರಿಂದ ಹೀಗೆ ಮಾಡೋಣ. ಈ ಭಾನುವಾರ, ಹದಿನೆಂಟನೇ ತಾರೀಕು, ನೀವು ಜಗಳೂರಿನಿಂದ ಬೆಳಗಿನ ಬಸ್ಸಿಗೆ ಬನ್ನಿ. ನಾನು ಅವ್ವನನ್ನು ಕರೆದುಕೊಂಡು ಹೊನ್ನಾಳಿ ಮೇಲೆ ಬಂದು ದಾವಣಗೆರೆ ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಯ ಹತ್ತಿರ ನಿಂತಿರುತ್ತೇನೆ. ಸಾಕ್ಷಿಯವರೂ ಬರಲಿ, ಟೆಂಪೋದವರೆಲ್ಲ ಬರಲಿ, ಹತ್ತಕ್ಕೆ ಮೀರಿದವರ ಟಿಕೆಟ್ಟು ನನ್ನದು. ಕೈ ಹಾಕುವ ಕೆಲಸ ನಿನಗಿಲ್ಲ. ಶಿವರಾತ್ರಿಯ ಮರುದಿನ ಆಡಬೇಕಿದ್ದ ಮಾತನ್ನು ಅಲ್ಲೇ ಎಲ್ಲರ ಮುಂದೆ, ಅವ್ವನ ಮುಂದೆ ಆಡುತ್ತೇನೆ. ಮೈಕಿಲ್ಲದೆ. ಅದು ಆದ ಮೇಲೆ ರೈಲು ಹತ್ತುವುದು ಬಿಡುವುದು, ನ್ಯಾಮತಿ ಬಸ್ಸು ಹತ್ತುವುದು ಬಿಡುವುದು ನಿನ್ನ ಇಷ್ಟ.

ಈ ಕಾಗದ ಮುಟ್ಟಿದ ಕೂಡಲೇ ಒಪ್ಪತ್ತು ಬಿಟ್ಟು ಊಟ ಮಾಡು.

ಇಂತಿ,
ಮಾತಿನಿಂದ ಬದುಕಿ, ಮಾತಿಲ್ಲದೆ ಕೆಟ್ಟ
ನಿನ್ನ ಷಣ್ಮುಖಪ್ಪ

ತಾ.ಕ.: ಅಕ್ಷರ ಸೊಟ್ಟಗಾದ ಕಾರಣ ಬರೆದುಬಿಡುತ್ತೇನೆ. ಶನಿವಾರ ಪಾಸಿಗೆ ತಾರೀಕು ಹಾಕಿಸಲು ದಾವಣಗೆರೆಗೆ ಹೋಗಿದ್ದೆ. ಗೇಟು ಜನರಿಗೆ ಇನ್ನೂ ತೆರೆದಿರಲಿಲ್ಲ, ಸುತ್ತ ಯಾರೂ ಕಾಣಲಿಲ್ಲ. ಮೊದಲು ಕೈ ಹಾಕೋರು ನೀವು ಎಂದಿದ್ದೆಯಲ್ಲ. ಡ್ರಾಗನ್ನಿನ ಬಾಯಲ್ಲಿ ಬಲಗೈ ಇಟ್ಟು, ನನ್ನ ಹೆಂಡತಿಯ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ ಎಂದೆ. ದವಡೆ ಮುಚ್ಚಿಕೊಂಡಿತು. ಹಿಂದೆ ರಿಪೇರಿಯವನು ಸ್ವಿಚ್ಚು ಹಾಕಿ ನೋಡುತ್ತಿದ್ದನಂತೆ. ಎರಡು ಬೆರಳು ಬದನೆಕಾಯಿಯಂತೆ ಊದಿವೆ. ಮೋಟಾರಿಗೆ ಏನು ಗೊತ್ತು ಎಂದು ಬಸ್ಸಿನಲ್ಲಿ ಊರು ಮುಟ್ಟುವ ತನಕ ನನಗೆ ನಾನೇ ಹೇಳಿಕೊಂಡೆ. ಆದರೆ ಸಿದ್ದಲಿಂಗೀ, ವೈರು ಸುತ್ತುತ್ತಿದ್ದ ಅಷ್ಟು ಹೊತ್ತು ನನಗೂ ಅನುಮಾನ ಬಂದಿತ್ತು. ಮೇಲೆ ಬರೆದ ಆ ಸಾಲನ್ನು ಹೊಡೆದುಹಾಕಲಿಲ್ಲ, ಎರಡನ್ನೂ ಓದಿಕೋ. ಭಾನುವಾರ ಎರಡನ್ನೂ ಹೇಳುತ್ತೇನೆ.

ಕರಡಿಗೆ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೂ ಬಾ.