ಸಣ್ಣ ಟ್ರ್ಯಾಕ್ಟರಿನ ಸದ್ದು

12 ಆಗಸ್ಟ್ 2025, ಮಂಗಳವಾರ. ದಿಗ್ಗೇವಾಡಿ

ಇವತ್ತು ಬೆಳಿಗ್ಗೆಯೂ ನಮ್ಮ ಹಳೆಯ ಸಣ್ಣ ಟ್ರ್ಯಾಕ್ಟರ್ ಚಾಲೂ ಆಗಲಿಲ್ಲ. ಒಮ್ಮೆ ಚಾಲೂ ಆದರೆ ಸಂಜೆಯವರೆಗೂ ಓಡುತ್ತದೆ; ರಾತ್ರಿ ನಿಂತರೆ ಮತ್ತೆ ಅದೇ ಹಟ. ಎಂಜಿನ್ ಪೂರಾ ಬಿಚ್ಚಬೇಕೆಂದು ಮೆಕ್ಯಾನಿಕ್ ಹೇಳಿ ಹೋಗಿದ್ದಾನೆ. ಅರಿಶಿಣಕ್ಕೆ ಮಣ್ಣು ಏರಿಸುವ ಹೊತ್ತು ಮೀರುತ್ತಿದೆ.

ಯಾಕೋ ಏನೋ, ಇಷ್ಟು ವರ್ಷ ಅದನ್ನು ಓಡಿಸಿದ ನಮ್ಮವರನ್ನು ಗಾಲಿ ಕುರ್ಚಿಯಲ್ಲಿ ಶೆಡ್ಡಿಗೆ ಕರೆದೊಯ್ದೆ. ಲಕ್ವಾ ಹೊಡೆದ ಮೇಲೆ, ನಾಲಿಗೆ ತೊದಲುತ್ತದೆಂದು ನಾಚಿ, ಐದು ತಿಂಗಳಿಂದ ಅವರು ಯಾರೊಂದಿಗೂ ಮಾತಾಡಿಲ್ಲ. ನಾನು ಕೀಲಿ ತಿರುವಿದೆ. ಅವರು ಕಣ್ಣು ಮುಚ್ಚಿ, ಭಜನೆ ಕೇಳುವವರಂತೆ ಕೇಳಿದರು. ಆಮೇಲೆ ಎಡಗೈ ಚಾಚಿ ಡೀಸೆಲ್ ಪೈಪನ್ನು ಸವರುತ್ತ ಹೋಗಿ, ತುದಿಯ ಹತ್ತಿರ ಬೆರಳು ನಿಲ್ಲಿಸಿದರು. ಕೂದಲೆಳೆಯಷ್ಟು ಸೀಳು! ರಾತ್ರಿಯೆಲ್ಲ ಅಲ್ಲಿಂದ ಗಾಳಿ ಒಳಹೊಕ್ಕು ಡೀಸೆಲ್ ಹಿಂದೆ ಸರಿಯುತ್ತಿತ್ತು.

ಸೀಳಿದ ತುದಿ ಕತ್ತರಿಸಿ ಪೈಪನ್ನು ಮತ್ತೆ ಬಿಗಿದೆ. ಒಳಗಿನ ಗಾಳಿ ಹೊರಹೋಗಲೆಂದು ಫಿಲ್ಟರಿನ ಬೋಲ್ಟ್ ಸಡಿಲಿಸಿ ಕೈಪಂಪು ಒತ್ತಿದೆ. ನೊರೆ ಬಂತು, ಗುಳ್ಳೆ ಬಂತು, ಕಡೆಗೆ ಬರೀ ಡೀಸೆಲ್. ಬೋಲ್ಟ್ ಬಿಗಿದು ಕೀಲಿ ತಿರುವಿದರೆ ಒಂದೇ ಏಟಿಗೆ ಎಂಜಿನ್ ಗುಡುಗಿತು.

"ಚಾಲೂ ಆತ್ರೀ!" ಎಂದು ಕೂಗಿ, ಆರಿಸಲು ಕೈ ಚಾಚಿದೆ.

"ಬಂದ್ ಮಾಡಬ್ಯಾಡ ಮಂಗಲಾ," ಎಂದರು. "ಇನ್ನೊಂಚೂರು ಕೇಳೂಣು."

ತೊದಲಿದರೇನು, ಅದು ನನ್ನ ಹೆಸರು. ಆ ಸದ್ದಿನೊಳಗೆ ಇಬ್ಬರೂ ಎಷ್ಟು ಹೊತ್ತು ಕೂತೆವೋ ತಿಳಿಯದು. ಈಗ ರಾತ್ರಿ, ಮೈಯಲ್ಲಿ ಅದರ ನಡುಕ ಇನ್ನೂ ಇದೆ. ಕಣ್ಣು ಮುಚ್ಚಿದರೆ ಹಾಸಿಗೆಯೇ ಅರಿಶಿಣದ ಸಾಲುಗಳ ನಡುವೆ ಮೆಲ್ಲಗೆ ತೇಲುತ್ತದೆ.

ಪಕ್ಕದಲ್ಲಿ ಅವರು ಏನೋ ಹೇಳುತ್ತಿದ್ದಾರೆ. ಬರೆದದ್ದು ಸಾಕು, ಕೇಳಬೇಕು.